ನಲವತ್ತೊಂದು ಎಂದು ಕೂಗಿದವರು

ಸ್ಕಾರ್ ಕ್ಲಫ್, ಯಾರ್ಕ್‌ಷೈರ್
21 ಜನವರಿ 1985

ಪ್ರೀತಿಯ ನೋರಾ,

ನಿನ್ನ ಕ್ರಿಸ್ಮಸ್ ಪತ್ರಕ್ಕೆ ಉತ್ತರಿಸಲು ಇಷ್ಟು ದಿನವಾಯಿತು, ಬೇಸರ ಮಾಡಿಕೊಳ್ಳಬೇಡ. ನೀನು ಹೆಣೆದ ಕೈಗವಸು ಸರಿಯಾಗಿದೆ. ನಿನ್ನ ಅತ್ತಿಗೆ ಜೀನ್‌ಳ ಕೆಮ್ಮು ಇಳಿದಿದೆ. ನಲ್ಲಿಯ ನೀರು ಎರಡು ಸಲ ಹೆಪ್ಪುಗಟ್ಟಿತ್ತು.

ಅಲೆಕ್ ಸಗ್ಡನ್‌ನ ಸುದ್ದಿ ನಿನಗೂ ಮುಟ್ಟಿರಬೇಕು. ಯಾರು ಏನು ಸೇರಿಸಿ ಹೇಳಿದ್ದಾರೋ ಗೊತ್ತಿಲ್ಲ, ನಡೆದದ್ದನ್ನು ನಾನೇ ಬರೆಯುತ್ತೇನೆ.

ಹದಿಮೂರನೇ ತಾರೀಕು ಭಾನುವಾರ ನಮ್ಮ ಕ್ಲಬ್ಬಿನ ಚಳಿಗಾಲದ ಗುಡ್ಡದ ಓಟ. ಒಂಬತ್ತು ಮೈಲಿ, ಮೊಣಕಾಲುದ್ದ ಹಿಮ. ಎಂದಿನಂತೆ ನಾನು ನೆತ್ತಿಯ ಕಲ್ಲುರಾಶಿಯ ಹತ್ತಿರ ಪಟ್ಟಿ ಹಿಡಿದು ನಿಂತಿದ್ದೆ. ಚಳಿಗೆ ಎಲ್ಲರೂ ಮೇಲಂಗಿ ತೊಟ್ಟಿರುತ್ತಾರೆ, ಎದೆಯ ನಂಬರು ಕಾಣುವುದಿಲ್ಲ. ಓಡುತ್ತಲೇ ಅವರು ನಂಬರು ಕೂಗುತ್ತಾರೆ, ನಾನು ತಲೆ ಬಗ್ಗಿಸಿ ಬರೆದುಕೊಳ್ಳುತ್ತೇನೆ. ಮೂವತ್ತು ವರ್ಷದಿಂದ ಇದೇ ಪದ್ಧತಿ. ಯಾರೂ ಯಾರನ್ನೂ ಅನುಮಾನಿಸಿದ್ದಿಲ್ಲ.

ಅಲೆಕ್‌ನದು ನಲವತ್ತೊಂದು. ಕೂಗು ಕೇಳಿತು, ಬರೆದೆ. ಆ ಗಾಳಿಯಲ್ಲಿ ಯಾರ ದನಿಯೆಂದು ತಿಳಿಯಲಿಲ್ಲ. ಎಲ್ಲರೂ ಓಟ ಮುಗಿಸಿದರೂ ಅಲೆಕ್ ಬರಲಿಲ್ಲ. ಓಟ ನಡೆಸುವ ಮ್ಯುರಿಯಲ್ ಹೆಪ್‌ವರ್ತ್ ಪಟ್ಟಿ ನೋಡಿ, “ನೆತ್ತಿ ದಾಟಿದ್ದಾನೆ. ಆಚೆ ಇಳಿಜಾರಲ್ಲೇ ಎಲ್ಲೋ ಬಿದ್ದಿರ್ಬೇಕು” ಎಂದಳು. ಇಪ್ಪತ್ತು ಜನ ಆಚೆ ಬದಿಯಲ್ಲಿ ಹುಡುಕಿದೆವು. ಮೂರು ಗಂಟೆಯಾದ ಮೇಲೆ ಈಚೆ ಬದಿಯಲ್ಲಿ, ನೆತ್ತಿಗಿಂತ ಅರ್ಧ ಮೈಲಿ ಕೆಳಗೆ, ಕಲ್ಲುಗೋಡೆಯ ಬುಡದಲ್ಲಿ ಅವನು ಒಬ್ಬ ಕುರಿಗಾಹಿಯ ನಾಯಿಗೆ ಸಿಕ್ಕಿದ. ಕಾಲಿನ ಗಿಣ್ಣು ಮುರಿದಿತ್ತು. ಹಿಮಕ್ಕೆ ಸತ್ತಿದ್ದ ಎಡಗಾಲಿನ ಬೆರಳುಗಳನ್ನೆಲ್ಲ ತೆಗೆದಿದ್ದಾರೆ.

ಶನಿವಾರ ಆಸ್ಪತ್ರೆಗೆ ಹೋಗಿದ್ದೆ.

“ದ್ರಾಕ್ಷಿ ತಂದ್ಯಾ? ಐದು ಬೆರಳು ತಂದಿದ್ರೆ ಉಪಕಾರವಾಗ್ತಿತ್ತು,” ಅಂದ. ಆಮೇಲೆ ಅವನೇ ಹೇಳಿದ: “ನೆತ್ತಿಗೆ ನಾನು ಬರ್ಲೇ ಇಲ್ಲ ಕಣೋ ವಿಲ್ಫ್. ಮಂಡಿ ಹಿಡ್ಕೊಂಡಿತ್ತು. ಗೋಡೆ ಪಕ್ಕದಲ್ಲೇ ಸುತ್ತಿ ಆಚೆ ಸೇರ್ಕೊಳ್ಳೋಣ ಅಂತಿದ್ದೆ. ತಂಡದ ಬಹುಮಾನಕ್ಕೆ ಮೂರೂ ಜನ ನೆತ್ತಿ ದಾಟಿ ಓಟ ಮುಗಿಸ್ಬೇಕಲ್ಲ.”

“ಮತ್ತೆ ನಿನ್ನ ನಂಬರು ಕೂಗಿದ್ಯಾರು?”

“ಮೇಲೆ ನಿಂತಿದ್ದೋನು ನೀನು. ನನ್ನನ್ನ ಕೇಳ್ತೀಯಲ್ಲ.” ಮುಖ ಗೋಡೆಯ ಕಡೆ ತಿರುಗಿಸಿಕೊಂಡ.

ಅವನ ತಂಡದಲ್ಲಿದ್ದ ಇನ್ನಿಬ್ಬರು ರಾಯ್ ಲಂಬ್ ಮತ್ತು ನಮ್ಮ ಕ್ಲೈವ್. ಪಟ್ಟಿಯಲ್ಲಿ ನಲವತ್ತೊಂದರ ಮೇಲಿನ ಹದಿನೇಳು ಕ್ಲೈವ್‌ನದು, ಕೆಳಗಿನ ಇಪ್ಪತ್ತಮೂರು ರಾಯ್‌ನದು. ರಾಯ್ ಈಗ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಹೋಗುತ್ತಾನೆ. ತಪ್ಪು ತನ್ನದೆಂದು ಹಾಗೆ ಮಾಡುತ್ತಾನೋ, ಅದನ್ನು ನಾನು ಅವನ ಮೇಲೆ ಹಾಕುತ್ತೇನೆಂಬ ಭಯಕ್ಕೋ?

ನಿನ್ನೆ ಊಟಕ್ಕೆ ಬಂದಿದ್ದ ಕ್ಲೈವ್, “ಅಪ್ಪ, ಆ ಪಟ್ಟಿ ಎಲ್ಲಿಟ್ಟಿದೀಯ?” ಎಂದು ಎರಡು ಸಲ ಕೇಳಿದ. ಮೂವತ್ನಾಲ್ಕು ವರ್ಷದವನು, ತಟ್ಟೆಯಲ್ಲಿ ಮಾಂಸ ಹಾಗೇ ಬಿಟ್ಟ.

“ಎಲ್ಲರ ನಂಬರೂ ನಿನಗೆ ಬಾಯಿಪಾಠ. ಯಾರೂ ಕೂಗ್ಲಿಲ್ಲ, ಚಳಿಗೆ ಕೈ ತಾನಾಗೇ ನಲವತ್ತೊಂದು ಬರ್ದಿರತ್ತೆ, ಅದನ್ನೇ ಹೇಳ್ಬಿಡು,” ಎಂದಳು ಜೀನ್. ನಾನು ಏನನ್ನೂ ಕೇಳಿರಲಿಲ್ಲ. ಅವಳಿಗೆ ಎಷ್ಟು ಗೊತ್ತು ಎಂದು ಆಗಿನಿಂದ ಯೋಚಿಸುತ್ತಿದ್ದೇನೆ.

ಗುರುವಾರ ಕಮಿಟಿ ಸಭೆ. “ಕೂಗಿದ್ದು ಯಾರೆಂದು ತಿಳಿದರೆ ಅವರು ಇನ್ನು ಯಾವ ಗುಡ್ಡದಲ್ಲೂ ಓಡೋದಿಲ್ಲ” ಎಂದು ಮ್ಯುರಿಯಲ್ ಹೇಳಿಬಿಟ್ಟಿದ್ದಾಳೆ. ಜೀನ್ ಹೇಳಿಕೊಟ್ಟ ಮಾತನ್ನೇ ನಾನು ಅಲ್ಲಿ ಹೇಳುತ್ತೇನೇನೋ.

ನೀನೂ ಮೊಮ್ಮಕ್ಕಳೂ ಬೆಚ್ಚಗಿರಿ. ದೇವರು ನಿಮ್ಮನ್ನು ಕಾಯಲಿ.

ನಿನ್ನಣ್ಣ
ವಿಲ್ಫ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ದನಿ ತಿಳಿಯಲಿಲ್ಲ ಎಂದು ಬರೆದದ್ದು ಸುಳ್ಳು ನೋರಾ. “ಹದಿನೇಳು” ಎಂದ ಬಾಯೇ ಹತ್ತು ಹೆಜ್ಜೆ ಆಚೆಯಿಂದ “ನಲವತ್ತೊಂದು” ಎಂದಿತು. ತಲೆ ಎತ್ತಿ ನೋಡಿದೆ, ಅವನ ಹಿಂದೆ ಹಿಮದ ಮೇಲೆ ಒಬ್ಬರೂ ಇರಲಿಲ್ಲ. ಆದರೂ ಬರೆದೆ. ಮ್ಯುರಿಯಲ್ ಆಚೆ ಬದಿಗೆ ಕೈ ತೋರಿಸಿದಾಗ, ಅಲೆಕ್ ನೆತ್ತಿಗೇ ಬಂದಿಲ್ಲವೆಂದು ಗೊತ್ತಿದ್ದವನು ನಾನು. ಹೇಳಿದ್ದರೆ ಮಗನ ಹೆಸರನ್ನೂ ಹೇಳಬೇಕಾಗುತ್ತಿತ್ತು. ಮೂರು ಗಂಟೆ ಕ್ಲೈವ್‌ನ ಪಕ್ಕದಲ್ಲೇ ಆಚೆ ಇಳಿಜಾರಿನಲ್ಲಿ ಸೀಟಿ ಊದುತ್ತಾ ನಡೆದೆ.