ಅಪ್ಪ ಕೊಡಗಿಗೆ ಹೋದ ವರ್ಷ

ಹುಣಸೂರು, ೧೯೩೬

ಆಗಸ್ಟ್ ೩, ಸೋಮವಾರ

ಡಿಪೋದಲ್ಲಿ ಇಡೀ ದಿನ ತೇಗದ ದಿಮ್ಮಿಗಳ ಅಳತೆ. ರೇಂಜರ್ ಸಾಹೇಬರು ಬರುತ್ತಾರೆಂದು ಎಲ್ಲರೂ ಪೇಟ ಸುತ್ತಿಕೊಂಡು ಕಾದದ್ದೇ ಬಂತು. ಬರಲಿಲ್ಲ. ಮಳೆಗೆ ನೆಂದು ಟೇಪು ಹಿಗ್ಗಿದೆ. ಇವತ್ತು ಅಳೆದ ಮರ ಯಾರ ಅದೃಷ್ಟಕ್ಕೋ.

ಅವ್ವ ಹಾಗೇ ಇದ್ದಾಳೆ. ಬಲಗೈ, ಬಲಗಾಲು, ಮಾತು — ಮೂರೂ ಒಂದೇ ಬೆಳಿಗ್ಗೆ ಹೋದವು. ಲಕ್ವ. ಡಾಕ್ಟರು ಔಷಧಿ ಬರೆದುಕೊಟ್ಟು ತಲೆಯಾಡಿಸಿ ಹೋದರು. ಗಂಜಿ ಎರಡು ಗುಟುಕು ಇಳಿದರೆ ಹೆಚ್ಚು. ಚಾಮುಂಡಿ ದಿನಾ ಅತ್ತೆಯ ತಲೆ ಬಾಚಿ ಕುಂಕುಮ ಇಡುತ್ತಾಳೆ. ಅವ್ವ ಎಡಗೈ ಎತ್ತಿ ಒರೆಸಿಕೊಳ್ಳುತ್ತಾಳೆ. ಮತ್ತೆ ಇಡುತ್ತಾಳೆ. ಮತ್ತೆ ಒರೆಸಿಕೊಳ್ಳುತ್ತಾಳೆ. ಸೆರಗೆಲ್ಲ ಕೆಂಪು.

"ಅತ್ತೆಗೆ ಗ್ಯಾನ ನೆಟ್ಟಗಿಲ್ಲ ಕಣ್ರೀ" ಅಂದಳು ನನ್ನ ಹೆಂಡತಿ. ಇರಬಹುದು.

ಆಗಸ್ಟ್ ೬

ಚಾಮಯ್ಯ ಮಾವ ಬಂದ. ಅವ್ವನ ಅಣ್ಣ. ಹತ್ತಿರ ಕೂತು ಅತ್ತ. ಎದ್ದು ಎರಡು ಮುದ್ದೆ ಉಂಡ. ಆಮೇಲೆ ಬಂದ ಕೆಲಸ ತೆಗೆದ.

"ಮರಿಯಾ, ಇವಳದು ಇವತ್ತೋ ನಾಳೇಕೋ. ಒಂದೇ ಕೇಳ್ತೀನಿ. ನಿಮ್ಮಪ್ಪ ಬದ್ಕವ್ನೋ, ಇಲ್ವೋ?"

"ನನಗೇನು ಗೊತ್ತು ಮಾವ. ಅಪ್ಪ ಕೊಡಗಿಗೆ ಹೋದಾಗ ನನಗೆ ಮೂರು ವರ್ಷ."

"ಅವ್ನು ಇದ್ರೆ ಇವಳು ಮುತ್ತೈದೆ. ಅಸಿರು ಸೀರೆ, ಬಳೆ, ಊವ — ಮದ್ವಣಗಿತ್ತಿ ಅಂಗೆ ಕಳುಸ್ಬೇಕು. ಇಲ್ದಿದ್ರೆ ಬಳೆ ತೆಗ್ದು ಬರೀ ಅಣೇಲಿ ಮಣ್ಣು ಮಾಡ್ಬೇಕು. ತೆಪ್ಪಾದ್ರೆ ಎಲ್ಡೂ ಪಾಪವೇ ಕಣ್ಲಾ. ನೀನು ಓದ್ದೋನು. ಸರ್ಕಾರದ ಬುಕ್ಕಲ್ಲಿ ನೋಡು."

ಒರಟು ಮಾತು, ಆದರೆ ಸುಳ್ಳಲ್ಲ. ನಮ್ಮ ಕಡೆ ಯಾವ ಮದುವೆಯಾದರೂ ಹೆಣ್ಣಿಗೆ ಅರಿಶಿನ ಹಚ್ಚುವ ಮೊದಲ ಕೈ ಅವ್ವನದೇ. ಗಂಡ ದೂರದಲ್ಲಿದ್ದರೂ ಮುತ್ತೈದೆ ಮುತ್ತೈದೆಯೇ. ಮಾವನ ಮಗಳು ಮರಮ್ಮನಿಗೂ ಅವಳೇ ಹಚ್ಚಿದ್ದು. ಪಾಪ, ಮರಮ್ಮನ ಗಂಡ ವರ್ಷ ತುಂಬುವುದರೊಳಗೆ ಹೋದ... ಅದು ಬೇರೆ ಮಾತು.

ಅವ್ವ ಇಲ್ಲಿನ ಕಾಫಿ ವರ್ಕ್ಸಿನಲ್ಲಿ ಬೀಜ ಆರಿಸಿ ನನ್ನನ್ನು ಓದಿಸಿದಳು. ಕೊಡಗಿನಿಂದ ಮೂಟೆ ತುಂಬಿದ ಗಾಡಿಗಳು ಬರುತ್ತಿದ್ದವು. ಅಪ್ಪನೇ ಕಳಿಸುತ್ತಾನೆ ಎಂದುಕೊಂಡಿದ್ದೆ. ಅವಳು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ.

ಆಗಸ್ಟ್ ೧೧

ರಜಾ ಹಾಕಿ ಪಿರಿಯಾಪಟ್ಟಣಕ್ಕೆ ಹೋದೆ. ಮೋಟಾರು ಅರ್ಧ ದಾರಿಯಲ್ಲಿ ಕೆಟ್ಟಿತು. ಡ್ರೈವರು ಬೀಡಿ ಹಚ್ಚಿಕೊಂಡು ಅದರ ಕೆಳಗೆ ಮಲಗಿಬಿಟ್ಟ. ತಲುಪುವಷ್ಟರಲ್ಲಿ ಮಧ್ಯಾಹ್ನ.

ದೊಡ್ಡ ಮನುಷ್ಯರು ಸತ್ತರೆ ಮೈಸೂರಿನ ಪೇಪರಿನಲ್ಲಿ ಕಪ್ಪು ಗೆರೆ ಹಾಕಿ ಅಚ್ಚು ಮಾಡುತ್ತಾರೆ. ನಮ್ಮಂಥವರು ಸತ್ತರೆ ತೋಟಿ ಹೋಗಿ ಪಟೇಲರಿಗೆ ಹೇಳಬೇಕು, ಪಟೇಲರು ಬರೆಸಬೇಕು, ಅದು ತಾಲ್ಲೂಕು ಕಚೇರಿ ಸೇರಬೇಕು. ರೆಕಾರ್ಡು ನೋಡಿಕೊಳ್ಳುವ ಬಸವರಾಜು ನಶ್ಯ ಏರಿಸುತ್ತ ಕೇಳಿದರು.

"ಯಾವ ವರ್ಷ?"

"ಸಾವಿರದ ಒಂಬೈನೂರ ಏಳು. ನಮ್ಮೂರು ಹೊಂಗೆಕೊಪ್ಪಲು."

"ಪ್ಲೇಗಿನ ವರ್ಷ! ದಪ್ಪ ಬುಕ್ಕು ಕಣ್ರೀ ಅದು."

ಹೊಂಗೆಕೊಪ್ಪಲಿಗೇ ಮೂರು ಹಾಳೆ. ನಮ್ಮ ಎಡಗಡೆ ಮನೆಯವರು ನಾಲ್ಕು ಜನ. ಬಲಗಡೆ ಮನೆಯಲ್ಲಿ ಗಂಡ, ಹೆಂಡತಿ, ಎದೆಹಾಲಿನ ಕೂಸು. ನಮ್ಮ ಮನೆಯವರು ಒಬ್ಬರೂ ಇಲ್ಲ. ಹಿಂದಿನ ವರ್ಷ, ಮುಂದಿನ ವರ್ಷ, ಅದರ ಮುಂದಿನದು... ಅಪ್ಪನ ಹೆಸರು, ಅಂಕಯ್ಯ ಬಿನ್ ಮಾದಯ್ಯ, ಎಲ್ಲೂ ಇಲ್ಲ.

ಸಂತೋಷವಾಯಿತು. ಇಷ್ಟು ವರ್ಷ ತಿರುಗಿ ನೋಡದ ಅಪ್ಪ ಬದುಕಿರಬಹುದೆಂದು ಸಂತೋಷ! ಮೂರ್ಖ.

"ಕೊಡಗು ಬೇರೆ ಸರ್ಕಾರ. ಅಲ್ಲಿಗೂ ಒಂದು ಅರ್ಜಿ ಆಕಿ" ಅಂದರು. ಹಾಕಿ ಬಂದೆ.

ಆಗಸ್ಟ್ ೨೩, ಭಾನುವಾರ

ನೆನ್ನೆ ಕೊಡಗಿನಿಂದ ಜವಾಬು. ಇಂಗ್ಲಿಷಿನಲ್ಲಿ ಒಂದೂವರೆ ಸಾಲು. ಅಂಥ ಹೆಸರು ಕಂಡುಬಂದಿಲ್ಲ. ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಮನುಷ್ಯನೋ ಗಾಳಿಯೋ?

ಇವತ್ತು ಹೊಂಗೆಕೊಪ್ಪಲಿಗೇ ಹೋದೆ. ದೊಡ್ಡಪ್ಪ ಸೋಮಯ್ಯ ತೀರಿಹೋದ ಮೇಲೆ ಹೊಲ ಮಾರಿ ಆಗಿದೆ, ಮನೆ ಬಿದ್ದಿದೆ. ಹಳೇ ಪಟೇಲರು ಜಗುಲಿಯ ಮೇಲಿದ್ದರು. "ಆವಾಗ ಕೊಡಗಿಗೋಗೋರ್ನೆಲ್ಲ ಉಸೇನ್ ಸಾಬನ ಗಾಡೀಲೇ ಕಳಿಸ್ತಿದ್ದೊ. ಅವನ್ನೇ ಕೇಳು" ಅಂದರು.

ಹುಸೇನ್ ಸಾಬ್ ಪಿರಿಯಾಪಟ್ಟಣದ ಮಸೀದಿಯ ಹಿಂದೆ ಇದ್ದಾನೆ. ಕಣ್ಣು ಮಂಜು. ಯಾರ ಮಗ ಎಂದು ಹೇಳಿಕೊಂಡೆ. ಅಪ್ಪನನ್ನು ಗಾಡಿಯಲ್ಲಿ ಕರೆದುಕೊಂಡು ಹೋದದ್ದು ನೆನಪಿದೆಯೇ ಅಂದೆ. ಮುದುಕ ಗಡ್ಡ ನೀವಿಕೊಂಡ.

"ಕರ್ಕೊಂಡೋದೆ. ಕೊಡಗಿಗಲ್ಲ ಕಣಪ್ಪ."

ಹೇಳಿದ. ಅಪ್ಪನಿಗೆ ಕಂಕುಳಲ್ಲಿ ಪ್ಲೇಗಿನ ಗಡ್ಡೆ ಎದ್ದಿತ್ತಂತೆ. ಎರಡೇ ದಿನ.

"ಸಾವು ಬರೆಸಿದ್ರೆ ಎಂಚು ಕೀಳೋರು, ಸಾಮಾನು ಸುಡೋರು, ಮನೇಲಿದ್ದೋರ್ನೆಲ್ಲ ಕ್ಯಾಂಪಿಗೆ ಒಡ್ಕಂಡೋಗೋರು. ಪಕ್ಕದ ಮನೆ ಮಕ್ಳ್ನ ಅಂಗೇ ಒಡ್ಕಂಡೋದ್ರು, ತಿರುಗಿ ಬರ್ನಿಲ್ಲ. ನಿಮ್ ದೊಡ್ಡಪ್ಪ ನನ್ ಕಾಲಿಡ್ಕಂಡ. ಉಲ್ಲಿನ ಅಡೀಲಿ ಮಲಗ್ಸಿ ಒಯ್ದೊ. ನಿಮ್ಮೊಲದ ಬದೂಲಿ, ಒಂಗೆ ಮರದ ಬುಡದಲ್ಲವ್ನೆ ನಿಮ್ಮಪ್ಪ."

"ಅವ್ವ?"

"ನಿನ್ನ ಸೊಂಟದ ಮೇಲೆ ಕೂರ್ಸ್ಕಂಡು ಬಾಗ್ಲಲ್ಲಿ ನಿಂತಿತ್ತು. ಅಣೆ ತುಂಬ ಕುಂಕುಮ — ಸೋಮಯ್ಯನೇ ಇಕ್ಸಿದ್ದ. ಇನ್ಸ್‌ಪೆಕ್ಟರು ಗಂಡ ಎಲ್ಲಿ ಅಂದ. ಕೊಡಗಿಗೆ ಅಂತು. ಅಣೆ ನೋಡ್ದ, ಒಂಟೋದ. ಆಮೇಲೆ ಸೋಮಯ್ಯ ನಿನ್ ತಲೆ ಮುಟ್ಟಿಸಿ ಆಣೆ ಆಕ್ಸ್ಕಂಡ, ಯಾವತ್ತೂ ಬಾಯಿ ಬುಡ್ಬೇಡ ಅಂತ. ಆ ತಾಯಿ ಒಂದ್ ತೊಟ್ಟು ಕಣ್ಣೀರಾಕ್ನಿಲ್ಲ. ಅಳೋ ಅಂಗೇ ಇರ್ನಿಲ್ಲ."

ಯಾವತ್ತು ಎಂದು ಕೇಳಿದೆ. ಶಬೇಬರಾತ್ ಹಬ್ಬ ಆಗಿ ನಾಕೋ ಐದೋ ದಿನ ಅಂದ. ಅಷ್ಟೇ ಸಿಕ್ಕಿದ್ದು. ಹೊಲಕ್ಕೆ ಹೋದೆ. ಮರ ಇದೆ. ಕೊಂಡವರು ಬುಡದವರೆಗೂ ರಾಗಿ ಬಿತ್ತಿದ್ದಾರೆ. ಎಲ್ಲಿ ಕೈಮುಗಿಯಬೇಕೆಂದು ತಿಳಿಯದೆ ಮರಕ್ಕೇ ಮುಗಿದೆ.

ಆಗಸ್ಟ್ ೨೫

ಎರಡು ದಿನ ಧೈರ್ಯ ಬರಲಿಲ್ಲ. ಇವತ್ತು ಚಾಮುಂಡಿ ನೀರಿಗೆ ಹೋದಾಗ ಅವ್ವನ ಹತ್ತಿರ ಕೂತೆ.

"ಅವ್ವ, ಹೊಂಗೆ ಮರದ ಹತ್ತಿರ ಹೋಗಿದ್ದೆ."

ನೋಡಿದಳು. ಎಡಗೈ ನನ್ನ ಮಣಿಕಟ್ಟನ್ನು ಹಿಡಿಯಿತು. ಆ ಬಡಕಲು ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ಮೊದಲು ನನ್ನ ತಲೆ ಮುಟ್ಟಿ ನೋಡಿದಳು — ನೆಟ್ಟಗಿದೆಯೇ ಎಂಬಂತೆ. ಆಮೇಲೆ ಅತ್ತಳು. ಮಾತಿಲ್ಲದ ಗಂಟಲಿನಿಂದ ಬಂದ ಆ ಸದ್ದು ನಾನು ಹಿಂದೆ ಎಂದೂ ಕೇಳಿದ್ದಲ್ಲ. ಒದ್ದೆ ಬಟ್ಟೆಯಲ್ಲಿ ಹಣೆ ಒರೆಸಿದೆ. ಕಣ್ಣು ಮುಚ್ಚಿ ಮಲಗಿದಳು. ನಾನೂ ಅತ್ತೆ.

ಚಾಮುಂಡಿ ಬಂದು ನೋಡಿ, "ಅಯ್ಯೋ, ಇದೇನ್ ಮಾಡುದ್ರಿ!" ಅಂದಳು. ಎಲ್ಲ ಹೇಳಿದೆ. ಕೊಡ ಇಳಿಸದೆ ಕೇಳಿಸಿಕೊಂಡಳು.

"ಯಾರ್ಗೂ ಹೇಳ್ಬ್ಯಾಡಿ. ಮರಮ್ಮಂಗೆ ಅರಿಶಿನ ಹಚ್ಚಿದ್ದು ಯಾರು? ಮಾವ್ನೋರು ಸುಮ್ಕೆ ಬುಟ್ಟಾರಾ? ರಂಡೆ ಕೈಲಿ ಹಚ್ಚಿಸ್ಕಂಡು ನನ್ ಮಗಳು ಹಾಳಾದ್ಲು ಅಂತ ಹೆಣ ಎತ್ತಕ್ಕೂ ಬರಲ್ಲ."

ಇದು ನನಗೆ ಹೊಳೆದಿರಲಿಲ್ಲ. ಅವ್ವನಿಗೆ ಹೊಳೆಯದೆ ಇದ್ದೀತೇ? ಒಂದೊಂದು ಮದುವೆ ಮನೆಯಿಂದ ಬಂದಾಗಲೂ ಎರಡೆರಡು ಸಲ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಸೆಕೆಗೆ ಎಂದುಕೊಂಡಿದ್ದೆ.

ಸೆಪ್ಟೆಂಬರ್ ೪

ಬರೆಯುವುದಕ್ಕೆ ಮನಸ್ಸಿರಲಿಲ್ಲ. ಗಂಜಿಯೂ ಇಳಿಯುತ್ತಿಲ್ಲ.

ಮಾವ ಬಂದ, ಜೊತೆಗೆ ಮರಮ್ಮ. ಅವರು ಬಂದರೆಂದು ಚಾಮುಂಡಿ ಓಡಿಹೋಗಿ ಅವ್ವನಿಗೆ ಕುಂಕುಮ ಇಟ್ಟಳು. ಇಷ್ಟು ದಿನ ಬರಿದಾಗಿದ್ದ ಹಣೆ. ಅವ್ವ ನನ್ನ ಕಡೆ ನೋಡಿದಳು. ಒರೆಸಿಕೊಂಡಳು.

"ಅರಳು ಮರಳು" ಅಂದ ಮಾವ. "ಬುಕ್ಕಲ್ಲಿ ಏನೈತ್ಲಾ?"

"ಹೆಸರಿಲ್ಲ ಮಾವ." ಸುಳ್ಳಲ್ಲವಲ್ಲ.

"ಅಂದ್ರೆ ಬದ್ಕವ್ನೆ ಅಂತಾಯ್ತು!" ಗಂಟಿನಿಂದ ಹಸಿರು ಸೀರೆ ತೆಗೆದ. ತಂದೇಬಿಟ್ಟಿದ್ದಾನೆ.

ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವ್ವನ ಕಾಲು ಒತ್ತುತ್ತ ಕೂತಿದ್ದ ಮರಮ್ಮ, ತನ್ನಷ್ಟಕ್ಕೆ ತಾನೇ ಅಂದಳು: "ಅತ್ತೆ ಕೈ ಗುಣ ಬಲು ಒಳ್ಳೇದು. ನನ್ ಅಣೇಬರ ಕೆಟ್ಟಿತ್ತು, ಅಷ್ಟೇಯ."

ಬಾಯಿ ಮುಚ್ಚಿದೆ. ಅವ್ವ ಕೇಳಿಸಿಕೊಂಡಳು. ಆಮೇಲೆ ಚಾಮುಂಡಿ ಕುಂಕುಮ ಇಟ್ಟಾಗ ಒರೆಸಿಕೊಳ್ಳಲಿಲ್ಲ.

ಸೆಪ್ಟೆಂಬರ್ ೬

ಮಾವ ಇಲ್ಲೇ ಉಳಿದಿದ್ದಾನೆ. ಹಾಗಾಗಿ ಕುಂಕುಮವೂ ಉಳಿದಿದೆ. ಮಾವ ಪೇಟೆಗೆ ಹೋದ ಹೊತ್ತಿನಲ್ಲಿ ಬಟ್ಟೆ ಒದ್ದೆ ಮಾಡಿಕೊಂಡು ಹೋದೆ. ಬಾಗಿಲಲ್ಲಿ ಮರಮ್ಮ ಇದ್ದಳು. ಮುಖ ಒರೆಸಿ ಬಂದೆ, ಹಣೆ ಬಿಟ್ಟು.

ಸೆಪ್ಟೆಂಬರ್ ೯, ಬೆಳಿಗ್ಗೆ ಹತ್ತು

ಅವ್ವ ಹೋದಳು. ಹಾಲು ಕರೆಯುವ ಹೊತ್ತು.

ಹಸಿರು ಸೀರೆ ಉಡಿಸಿದ್ದಾರೆ. ಮುಂಗೈ ತುಂಬ ಬಳೆ. ಕೇರಿಯ ಹೆಂಗಸರೆಲ್ಲ ಪುಣ್ಯವಂತೆ ಅನ್ನುತ್ತಿದ್ದಾರೆ. ಹೊಂಗೆಕೊಪ್ಪಲಿನ ಹೊಲದ ಬದಿಯಲ್ಲಿ ಮಣ್ಣು ಮಾಡೋಣ ಅಂದೆ. "ಮಾರಿದ ಒಲದಲ್ಲಾ? ತಲೆ ಕೆಟ್ಟೈತೇನ್ಲಾ" ಅಂದ ಮಾವ. ಕಾರಣ ಕೇಳಿದ. ಹೂವು ತರಲು ಎದ್ದುಹೋದೆ.

ಕುಂಕುಮದ ಭರಣಿ ತಂದು ನನ್ನ ಕೈಗೇ ಕೊಟ್ಟ. "ಮಗನೇ ಇಕ್ಲಿ. ಎಲ್ಲಾರ್ಗೂ ಸಿಕ್ಕಲ್ಲ ಈ ಭಾಗ್ಯ." ಮುತ್ತೈದೆಯರು ಸುತ್ತ ನಿಂತಿದ್ದರು. ಮರಮ್ಮ ದೂರದಲ್ಲಿ, ಗೋಡೆಗೆ ಒರಗಿ, ಕೈಮುಗಿದುಕೊಂಡು.

ಇಟ್ಟೆ. ದೊಡ್ಡದಾಗಿ. ಹಣೆಯಿಂದ ಬೆರಳು ತೆಗೆಯದೆ ಕಾದೆ. ಎಡಗೈ ಮೇಲೆ ಬರಲಿಲ್ಲ.

ಹೊರಗೆ ಕರೆಯುತ್ತಿದ್ದಾರೆ. ಬೆರಳು ಇನ್ನೂ ಕೆಂಪಗಿದೆ, ಹಾಳೆಗೆ ಹತ್ತುತ್ತಿದೆ. ಒಂದು ಸಲ ಆ ಕೈ ಎದ್ದಿದ್ದರೆ ನಾನು ಎಲ್ಲರೆದುರಿಗೆ ಹೊಂಗೆ ಮರದ ಮಾತನ್ನು...