ಚಿಕ್ಕ ಕೆರೆಗೆ ಒಪ್ಪಿಗೆ

ರಾಚೆಸ್ಟರ್ ಹಿಲ್ಸ್
ಅಕ್ಟೋಬರ್ 17, 2004

ಪ್ರೀತಿಯ ಅಪ್ಪ,

ನಮಸ್ಕಾರ. ವೆಸ್ಟ್‌ಮಂಟ್‌ನಲ್ಲೂ ಚಳಿ ಶುರುವಾಗಿರಬೇಕು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬಿಟ್ಟ ಕಾಲೇಜಿಗೆ ಯಾವಾಗ ವಾಪಸ್ ಹೋಗುತ್ತೀ ಎಂದು ನೀನು ಕೇಳಿದ್ದೆ. ನನಗೇ ಗೊತ್ತಿಲ್ಲ. ಸುಳ್ಳು ಬರೆಯಲಾಗದೆ ಸುಮ್ಮನಿದ್ದೆ.

ಇಂದುಮತಿ ಆಂಟಿಯ ಆಫೀಸಿನಲ್ಲಿ ಫೋನ್ ಎತ್ತುತ್ತೇನೆ, ಅವರ ಕಾರ್ ಓಡಿಸುತ್ತೇನೆ. ಇಷ್ಟು ದಿನ ಕಂಪನಿಗಳ ಕರಾರು ಬರೆಯುತ್ತಿದ್ದ ಆಂಟಿ ಈಗ ಉತ್ತರದ ಒಂದು ಮೂಲನಿವಾಸಿ ಬುಡಕಟ್ಟಿಗೆ ವಕೀಲರು. ದೊಡ್ಡ ಸರೋವರದಲ್ಲಿ ಮೀನು ಹಿಡಿಯುವ ಬುಡಕಟ್ಟಿನವರ ಹಕ್ಕನ್ನು ಸರ್ಕಾರ ಒಪ್ಪುತ್ತದಂತೆ. ಬದಲಿಗೆ ಚಿಕ್ಕ ಕೆರೆಯನ್ನು ಅವರು ಬಿಡಬೇಕು. ಅಲ್ಲಿ ಬಲೆ ಹಾಕುವುದು ಅದೇ ಬುಡಕಟ್ಟಿನ ಆಗ್ನೆಸ್ ಅಜ್ಜಿಯ ಮನೆಯವರು. ಅಜ್ಜಿ ಹೂಂ ಅಂದರೆ ಮಾತ್ರ ಸಹಿ ಎಂದು ಬುಡಕಟ್ಟಿನ ಹಿರಿಯರ ತೀರ್ಮಾನ.

ಗುರುವಾರ ಅಜ್ಜಿಯ ಮನೆಗೆ ಹೋದೆವು. ಅಲ್ಲಿ ಏನು ಕೇಳುವುದಿದ್ದರೂ ಹಿರಿಯರ ಕೈಗೆ ಮೊದಲು ಹೊಗೆಸೊಪ್ಪು ಕೊಡಬೇಕಂತೆ, ಇಲ್ಲದಿದ್ದರೆ ಕೇಳಿದ ಹಾಗೇ ಅಲ್ಲವಂತೆ. ಆಂಟಿ, “ಅಜ್ಜಿಗೆ ಹೊಗೆಸೊಪ್ಪು ಕೊಡೋದೇ? ಛೀ!” ಎಂದು ಮೈಸೂರ್ ಪಾಕ್ ಒಯ್ದರು. ಅಜ್ಜಿ ಎರಡು ತುಂಡು ತಿಂದು, ಆಂಟಿಯ ಮಾತನ್ನೆಲ್ಲ ಕೇಳಿ, ನಕ್ಕರು. ಆಂಟಿ ಖುಷಿಯಾಗಿ ಹೊರಗೆ ಬಂದು, “ಒಪ್ಪಿದ್ರು. ನಾಳೆ ಸಹಿ” ಎಂದು ಸರ್ಕಾರದ ವಕೀಲರಿಗೆ ಫೋನ್ ಮಾಡತೊಡಗಿದರು.

ನಾನು ಒಳಗೆ ಹೋಗಿ ಕೇಳಿದೆ: “ನೀವು ಒಪ್ಪಿದಿರಾ?”

“ಯಾರು ಕೇಳಿದರು? ನಿಮ್ಮ ಲಾಯರ್ ಸಿಹಿ ಕೊಟ್ಟರು, ಭಾಷಣ ಮಾಡಿದರು. ಸಿಹಿ ಚೆನ್ನಾಗಿತ್ತು.”

ಕಾರಿನಲ್ಲಿ ಆಂಟಿಗೆ ಹೇಳಿದೆ.

“ಸುಮ್ನೆ ಡ್ರೈವ್ ಮಾಡೇ. ಎರಡು ವರ್ಷದಿಂದ ಎಳೀತಿದೆ ಇದು.”

“ಅಜ್ಜಿ ಒಪ್ಪಿಲ್ಲ ಅಂತ ನಾಳೆ ಹಿರಿಯರಿಗೆ ನೀವು ಹೇಳ್ದೇ ಇದ್ರೆ ನಾನೇ ಹೇಳ್ತೀನಿ, ಆಂಟಿ.”

ಹತ್ತು ಮೈಲಿ ದಾಟಿದ ಮೇಲೆ ಆಂಟಿ, “ಆ ಎಕ್ಸಿಟ್ ತಗೋ” ಎಂದರು. ಗ್ಯಾಸ್ ಸ್ಟೇಷನ್ನಿನ ಅಂಗಡಿಯಲ್ಲಿ ಹೊಗೆಸೊಪ್ಪಿನ ಪೊಟ್ಟಣ ಕೊಂಡು, “ನಮ್ಮತ್ತೆ ನೋಡಿದ್ರೆ ಮನೆಗೇ ಸೇರಿಸ್ತಿರ್ಲಿಲ್ಲ” ಎಂದು ಗೊಣಗಿದರು.

ಕಾರ್ ತಿರುಗಿಸಿ ಅಜ್ಜಿಯ ಮನೆಗೆ ವಾಪಸ್ ಹೋದೆವು. ಈ ಸಲ ಆಂಟಿ ಹೊಗೆಸೊಪ್ಪು ಕೊಟ್ಟು ಸರಿಯಾಗಿ ಕೇಳಿದರು. ಅಜ್ಜಿ ತುಂಬ ಹೊತ್ತು ಯೋಚಿಸಿ ಬೇಡವೆಂದರು. ಸಹಿ ನಿಂತಿತು. ಮತ್ತೆ ಮೊದಲಿಂದ ಮಾತುಕತೆ. ಆಂಟಿ ನನ್ನನ್ನು ಬೈದರು, ಕೆಲಸದಿಂದ ತೆಗೆಯಲಿಲ್ಲ.

ನಿನ್ನ ಆಶೀರ್ವಾದವಿರಲಿ. ಬಿ.ಪಿ. ಮಾತ್ರೆ ತಪ್ಪಿಸಬೇಡ.

ನಿನ್ನ ಮಗಳು
ದೀಪ್ತಿ

ತಾ.ಕ.: ನೀನೂ ಅಮ್ಮನೂ ಬೇರೆಯಾದಾಗ, ಸ್ಕೂಲಿನ ದಿನಗಳು ಅಮ್ಮನ ಜೊತೆ, ಬೇಸಿಗೆ ನಿನ್ನ ಜೊತೆ ಎಂದು ಕೋರ್ಟಿನಲ್ಲಿ ಒಪ್ಪಂದ ಮಾಡಿಕೊಂಡು ಬಂದಿರಿ. ನೀನು ಹೇಳಿದಾಗ ನಾನು ಅಳಲಿಲ್ಲ. “ದೀಪ್ತಿ ಒಪ್ಪಿಕೊಂಡ್ಲು” ಎಂದು ನೀನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿತು. ನನ್ನನ್ನು ಯಾರೂ ಕೇಳಿರಲಿಲ್ಲ, ಅಪ್ಪ. ಕೇಳಿದ್ದರೆ ನಿನ್ನ ಜೊತೆಗೇ ಇರುತ್ತೇನೆ ಅನ್ನುತ್ತಿದ್ದೆ.