ಗಂಡು ಬಾತು ಹಿತ್ತಲದಾಗ ಇರ್ಲಿ

ಭಾಗಾನ ಅಪ್ಪಾರಿಗೆ,

ನಾ ಮುಂಜಾನಿ ಗಾಡಿಗೆ ದುಧನಿಗೆ ಹೊಂಟೀನಿ. ನೀವು ಗಿರಣಿಯಿಂದ ಬಂದ ಕೂಡ್ಲೆ ಇದನ್ನ ಪೂರಾ ಓದ್ರಿ, ಅರ್ಧಕ್ಕ ಬಿಟ್ಟು ಚಹಾಕ್ಕ ಓಡಬ್ಯಾಡ್ರಿ.

ಹೆಣ್ಣು ಬಾತು, ಅದರ ಮರಿ ಅಡಿಗಿಮನಿ ಮೂಲ್ಯಾಗ ಜಾಳಿ ಒಳಗ ಅದಾವ. ತಾಟಿನಾಗ ನೀರು ಕಡಿಮಿ ಹಾಕ್ರಿ, ನೆನೆದ್ರ ಮರಿ ಥಂಡಿಗೆ ಸಾಯ್ತಾವ. ನೆನಸಿಟ್ಟ ನುಚ್ಚು ಮರಿಗೆ, ನಿಮಗಲ್ಲ. ನಿಮ್ಮ ರೊಟ್ಟಿ ಬುಟ್ಟ್ಯಾಗ ಅದಾವ.

ನಿಮ್ಮ ಮುದ್ದಿನ ಪೈಲವಾನ, ಆ ಕೆಂಪು ಮಾರಿ ಗಂಡು ಬಾತು, ಹಿತ್ತಲದಾಗ ಇರ್ಲಿ. ಇನ್ನೊಂದು ಗಂಡು ಬಾತನ್ನ ಅಕ್ಕಲಕೋಟಿ ಸಂತಿಗೆ ಹೋಗೋ ಸೈದಪ್ಪನ ಕೈಯಾಗ ಕೊಟ್ಟು ಕಳಸ್ರಿ. ಅವೆರಡೂ ಕಾದಾಡಿದ್ರ ಕಾಲಾಗ ಸಿಕ್ಕು ಸಾಯೋವು ಮರಿ.

ನಿನ್ನೆ "ಅಪ್ಪ ಅದಾನ, ಮಕ್ಕಳನ್ನ ನೋಡ್ಲಿ ಬಿಡು" ಅಂತ ಅಡಿಗಿಮನಿ ಬಾಗಿಲಾ ತೆಗದವರು ನೀವ. ಪೈಲವಾನ ಕುಕ್ಕಿದ್ದಕ್ಕ ಒಂದು ಮರಿ ಸತ್ತಿತು. "ಗಂಡು ಅಂದ ಮ್ಯಾಲ ಸಿಟ್ಟು ಇರೋದ, ಸಂಭಾಳಿಸಿಕೊಂಡು ಹೋಗಬೇಕು" ಅಂದ್ರಿ. ಸಂಜಿಕೆ ಅದ ಪೈಲವಾನ ನಿಮ್ಮ ಧೋತರ ಹಿಡದು ಜಗ್ಗಿದಾಗ ಮಾತ್ರ, ಓಣಿಗೆಲ್ಲಾ ನ್ಯಾಯ ಹೇಳೋ ನೀವು ಮಲಗೋ ಹೊರಸಿನ ಮ್ಯಾಲ ಹತ್ತಿ ನಿಂತು ನನ್ನ ಕೂಗಿದ್ರಿ. ಆಗ ಯಾಕ ಸಂಭಾಳಿಸಲಿಲ್ಲ?

ಇದ ಮಾತನ್ನ ದೀಪಾವಳಿಗೆ ಬಂದ ಭಾಗಾಗೂ ಹೇಳಿ, ಆಕಿನ್ನ ಗಂಡನ ಮನಿಗೆ ತಿರುಗಿ ಕಳಿಸಿದ್ರಿ. ಆಕಿ ಬೆನ್ನ ಮ್ಯಾಲಿನ ಬಾಸುಂಡೆ ನಾ ನೋಡೀನಿ, ನೀವು ನೋಡಿಲ್ಲ. ದುಧನಿಯಿಂದ ಆಕಿನ್ನ, ಕೂಸನ್ನ ಕರಕೊಂಡ ಬರ್ತೀನಿ.

ಅಳಿಯ ಬೆನ್ನ ಹತ್ತಿ ಬಂದ್ರ ಮರ್ಯಾದಿ ಮಾಡ್ರಿ. ನೀರು ಕೊಡ್ರಿ, ಚಹಾ ಕೊಡ್ರಿ, ಪೈಲವಾನನ ಜೋಡಿ ಹಿತ್ತಲದಾಗ ಕುಂಡ್ರಸ್ರಿ. ಅಡಿಗಿಮನಿ ಬಾಗಿಲಾ ಮಾತ್ರ ತೆಗೀಬ್ಯಾಡ್ರಿ.

ಜನಾಬಾಯಿ